ಉಳುವವಳ ಹೆಸರಿಗೆ

ನಮ್ಮ ಮನೆಯ ಉಪ್ಪಿನಕಾಯಿಯ ಜಾಲತಾಣಕ್ಕೆ ಇದ್ದ ಹೆಸರನ್ನು, ಅಂದರೆ ಡಾಟ್ ಕಾಂ ಎಂದು ಮುಗಿಯುವ ಆ ವಿಳಾಸವನ್ನು, ಬೆಂಗಳೂರಿನ ಒಂದು ಕಂಪನಿ ಕೊಂಡುಕೊಂಡಿತು. 2019ರ ಮಳೆಗಾಲ ಮುಗಿಯುವ ಹೊತ್ತಿಗೆ ಶುರುವಾದ ಮಾತುಕತೆ ಮಾರನೆಯ ವರ್ಷ ಮಾವಿನ ಮಿಡಿ ಬರುವ ಮುಂಚೆ ಮುಗಿಯಿತು. ಕಂಪ್ಯೂಟರಿನ ವ್ಯವಹಾರವಾದ್ದರಿಂದ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ನಾನೇ ಅದನ್ನು ಮಾರಿದೆ ಎಂದು ನೆಂಟರೆಲ್ಲ ತಿಳಿದಿದ್ದಾರೆ. ಮಾರಿದ್ದು ನನ್ನ ಅತ್ತಿಗೆ. ಬೆಲೆ ಹೇಳಿದ್ದು, ಷರತ್ತು ಹಾಕಿದ್ದು, ಬೇಡ ಅನ್ನುವಲ್ಲಿ ಬೇಡ ಅಂದದ್ದು ಎಲ್ಲ ಅವರೇ. ಅದು ಹಾಗೆಯೇ ಆಗಬೇಕಿತ್ತು ಎಂದು ನಾನು ಯಾಕೆ ನಂಬುತ್ತೇನೆ ಅನ್ನುವುದನ್ನು ಬರೆದಿಡುವ ಆಸೆ ಬಹಳ ದಿನದ್ದು. ಆ ಹೆಸರನ್ನೂ ಕೊನೆಗೆ ಬಂದ ಹಣವನ್ನೂ ಹೊರಗೆ ಹೇಳಕೂಡದೆಂದು ಕರಾರಿನಲ್ಲಿದೆ. ಇಂಥ ಮಾರಾಟಗಳಲ್ಲಿ ಅದು ಸಾಮಾನ್ಯ. ಅವೆರಡನ್ನು ಬಿಟ್ಟು ಉಳಿದದ್ದನ್ನು ಹೇಳುತ್ತೇನೆ.

ನಮ್ಮ ಹೊಸಬಾಳೆ ಸೊರಬ ತಾಲ್ಲೂಕಿನ ಊರು. ಗದ್ದೆ, ಅಡಿಕೆ ತೋಟ, ಈಚಿನ ವರ್ಷಗಳಲ್ಲಿ ಶುಂಠಿ, ಅನಾನಸು. ಅತ್ತಿಗೆಯ ತವರು ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪದ ಕಡೆ. ಮಿಡಿ ಹಾಕುವುದನ್ನು ಅವರು ಕಲಿತದ್ದು ನಮ್ಮ ಮನೆಗೆ ಬಂದ ಮೇಲೆ, ನನ್ನ ಅಮ್ಮನಿಂದ. ಅಪ್ಪೆಮಿಡಿ ಎಂದರೆ ಹೊಳೆದಂಡೆಗಳಲ್ಲಿ, ಕಾನುಗಳಲ್ಲಿ ತಾನಾಗಿ ಬೆಳೆದ ಮರಗಳ ಎಳೆಮಾವು. ಮರ ಮರಕ್ಕೂ ಪರಿಮಳ ಬೇರೆ. ಒಂದರದ್ದು ಜೀರಿಗೆಯ ವಾಸನೆ, ಇನ್ನೊಂದರದ್ದು ಕರ್ಪೂರದ್ದು. ತೊಟ್ಟು ಮುರಿಯದಂತೆ, ನೆಲಕ್ಕೆ ಬಡಿಯದಂತೆ ಕೊಯ್ದ ಮಿಡಿಯೇ ಆಗಬೇಕು. ಅದನ್ನು ಹರಳುಪ್ಪಿನಲ್ಲಿ ಹಾಕಿ ಮಗುಚುತ್ತ, ಮಿಡಿ ಮುರುಟಿ ನೀರು ಬಿಟ್ಟ ಮೇಲೆ ಆ ಉಪ್ಪುನೀರನ್ನು ಕುದಿಸಿ ಆರಿಸಿ, ಸಾಸಿವೆ, ಒಣಮೆಣಸು, ಅರಿಶಿನ ಅರೆದು ಕಲಸಿ ಜಾಡಿಗೆ ತುಂಬುತ್ತಾರೆ. ಸೊನೆ ಗಟ್ಟಿಯಿರುವ ಮಿಡಿ ಸಿಕ್ಕಿ, ಕೈ ಒದ್ದೆಯಾಗಿರದೆ ಕೆಲಸ ನಡೆದರೆ ವರ್ಷಗಟ್ಟಲೆ ಕೆಡುವುದಿಲ್ಲ. ಅತ್ತಿಗೆಯ ಮಿಡಿ ಕೆಡುತ್ತಿರಲಿಲ್ಲ. ನಮ್ಮ ಕಡೆಯಿಂದ ಬೆಂಗಳೂರು, ಮುಂಬಯಿ, ಅಮೆರಿಕಕ್ಕೆ ಹೋದವರು ಅದನ್ನೇ ಕೇಳಿ ಕಟ್ಟಿಸಿಕೊಂಡು ಹೋಗುತ್ತಿದ್ದರು.

2008ರಲ್ಲಿ ಆ ಡೊಮೈನ್ ಹೆಸರನ್ನು ನಾನು ನೋಂದಾಯಿಸಿದೆ. ಆಗ ನಮ್ಮ ಮನೆಯಲ್ಲಿ ಕ್ರೆಡಿಟ್ ಕಾರ್ಡ್ ಇದ್ದದ್ದು ನನ್ನ ಬಳಿ ಮಾತ್ರ. ವರ್ಷಕ್ಕೆ ನಾನೂರು ಐನೂರು ರೂಪಾಯಿ ಶುಲ್ಕ. ನಮ್ಮ ನಾಡಿನ ಹೆಸರೂ ಮಿಡಿಯನ್ನು ಸೂಚಿಸುವ ಒಂದು ಮಾತೂ ಸೇರಿದ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಹೆಸರು ಅದು. ನಾಲ್ಕು ಪುಟಗಳ ತಾಣ: ಏನೇನು ಸಿಗುತ್ತದೆ, ಎಷ್ಟು ಬೆಲೆ, ಹೇಗೆ ಹಾಕುತ್ತೇವೆ, ಯಾರಿಗೆ ಬರೆಯಬೇಕು. ಮಿಡಿಯ ಜೊತೆಗೆ ಜೋನಿಬೆಲ್ಲ, ಹಲಸಿನ ಹಪ್ಪಳ, ಒಣಗಿಸಿದ ಮುರುಗಲು. ಕಾಗದದ ಬದಲು ಇ-ಮೇಲ್‌ನಲ್ಲಿ ಬೇಡಿಕೆ ಬರುತ್ತಿತ್ತು. ಪಾರ್ಸೆಲ್ ಹೋಗುತ್ತಿದ್ದುದು ಅಂಚೆಯಲ್ಲೇ, ಬಹುಪಾಲು ವಿ.ಪಿ.ಪಿ. ಮೂಲಕ; ಪೆಟ್ಟಿಗೆ ಕೈಗೆ ಬಂದ ಮೇಲೆ ಗಿರಾಕಿ ಹಣ ಕೊಡುವ ಆ ಹಳೆಯ ಪದ್ಧತಿಯನ್ನು ಅತ್ತಿಗೆ ಬಹಳ ಕಾಲ ಬಿಡಲಿಲ್ಲ.

ಅವರ ಬಳಿ ಒಂದು ಉದ್ದದ ನೋಟ್‌ಬುಕ್ ಇತ್ತು. ಯಾವ ದಿನ, ಯಾವ ಊರಿಗೆ, ಯಾವ ಮರದ ಮಿಡಿ, ಎಷ್ಟು ಬಾಟಲಿ, ಬಾಟಲಿ ಸೋರಿತೇ, ಮತ್ತೆ ಕೇಳಿದರೇ, ಎಲ್ಲ ಅದರಲ್ಲಿ. ಪ್ರತಿ ಸಾಲಿನ ಪಕ್ಕದಲ್ಲಿ ಅಂಚೆ ರಸೀದಿ ಅಂಟಿಸಿರುತ್ತಿದ್ದರು. ಒಂದು ಬಾಟಲಿ ಒಡೆದರೆ ಮರುಮಾತಿಲ್ಲದೆ ಇನ್ನೊಂದು ಕಳಿಸುತ್ತಿದ್ದರು. ಮಿಡಿ ಕಡಿಮೆ ಬಂದ ವರ್ಷ "ಈ ಸಲ ಇಲ್ಲ" ಎಂದು ತಾಣದಲ್ಲಿ ಹಾಕಿಸಿ, ಮಾಮೂಲಿ ಮಾವಿನ ಹೋಳಿನಲ್ಲಿ ಹೊಂದಿಸಲು ಒಪ್ಪುತ್ತಿರಲಿಲ್ಲ. ಹೀಗೆ ಹತ್ತು ವರ್ಷದ ಮೇಲೆ ನಡೆಯಿತು. ಊರಿನಿಂದ ದೂರ ಇರುವ ನಮ್ಮ ಕಡೆಯ ಜನಕ್ಕೆ ಆ ಹೆಸರು ಎಂದರೆ ಅತ್ತಿಗೆಯ ಕೈರುಚಿ ಎಂದಾಯಿತು.

ಕೊಳ್ಳುವವರ ಮೊದಲ ಪತ್ರ ಇ-ಮೇಲ್‌ನಲ್ಲಿ ಬಂದದ್ದು ನನಗೆ. ಬರೆದವರು ದಲ್ಲಾಳಿ. ಯಾರ ಪರವಾಗಿ ಎಂದು ಹೇಳಿರಲಿಲ್ಲ. ಕಂಪನಿಯ ಹೆಸರು ಕೇಳಿದರೆ ಮಾರುವವರು ಬೆಲೆ ಏರಿಸುತ್ತಾರೆಂದು ಈ ವ್ಯವಹಾರದಲ್ಲಿ ಕೊಳ್ಳುವವರು ಮರೆಯಲ್ಲೇ ಇರುತ್ತಾರೆ. ಅವರು ಕೊಡುವೆನೆಂದ ಮೊತ್ತ, ಒಳ್ಳೆಯ ದರವಿದ್ದ ವರ್ಷದಲ್ಲಿ ಅರವತ್ತು ಕೆಜಿಯ ಎರಡು ಚೀಲ ಹಸಿಶುಂಠಿ ಮಾರಿದರೆ ಬರುವಷ್ಟು. ವಾರದೊಳಗೆ ಉತ್ತರ ಬೇಕು ಎಂದಿತ್ತು.

ಅಡಿಕೆಗಾದರೆ ಸಾಗರ, ಶಿವಮೊಗ್ಗ, ಶಿರಸಿಯ ಧಾರಣೆ ದಿನಾ ಪತ್ರಿಕೆಯಲ್ಲಿ ಬರುತ್ತದೆ. ರಾಶಿಗೆಷ್ಟು, ಬೆಟ್ಟೆಗೆಷ್ಟು, ಗೊರಬಲಿಗೆಷ್ಟು ಎಂದು ನೋಡಿಕೊಂಡೇ ಅಣ್ಣ ಮಂಡಿಗೆ ಹೋಗುವುದು. ಡೊಮೈನ್ ಹೆಸರಿಗೆ ಅಂಥ ಧಾರಣೆ ಇಲ್ಲ. ಮೊದಲ ಡಾಟ್ ಕಾಂ ಹೆಸರು, ಸಿಂಬಾಲಿಕ್ಸ್ ಎಂಬ ಅಮೆರಿಕದ ಕಂಪನಿಯದು, ನೋಂದಣಿಯಾದದ್ದು 1985ರ ಮಾರ್ಚ್ 15ರಂದು. ಆಗ ಅದಕ್ಕೆ ಶುಲ್ಕವೇ ಇರಲಿಲ್ಲ. ಶುಲ್ಕ ಬಂದದ್ದು 1995ರಲ್ಲಿ. ನಮಗೆ ಪತ್ರ ಬಂದ ವರ್ಷವೇ, 2019ರಲ್ಲಿ, ವಾಯ್ಸ್ ಡಾಟ್ ಕಾಂ ಎಂಬ ಒಂದೇ ಹೆಸರು 3 ಕೋಟಿ ಡಾಲರಿಗೆ ಮಾರಾಟವಾಯಿತು. ಇನ್ನೊಂದು ಕಡೆ, ವರ್ಷದ ಶುಲ್ಕಕ್ಕಿಂತ ಒಂದು ಪೈಸೆ ಹೆಚ್ಚಿಗೆ ಕೊಡುವವರಿಲ್ಲದ ಹೆಸರುಗಳು ಲೆಕ್ಕವಿಲ್ಲದಷ್ಟಿವೆ. ಹಿಂದಿನ ಮಾರಾಟಗಳನ್ನು ಪಟ್ಟಿಮಾಡುವ ನೇಮ್‌ಬಯೋ ಎಂಬ ತಾಣದಲ್ಲಿ ಹುಡುಕಿದರೆ ನಮ್ಮದಕ್ಕೆ ಹತ್ತಿರದ ಹೆಸರು ಯಾವುದೂ ಸಿಗಲಿಲ್ಲ. ಚಿಕ್ಕದಾಗಿರಬೇಕು, ಕೇಳಿದ ಕೂಡಲೇ ಬರೆಯುವಂತಿರಬೇಕು, ಡಾಟ್ ಕಾಂ ಆಗಿರಬೇಕು ಎಂಬುದು ಸಾಮಾನ್ಯ ನಿಯಮ. ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಬಗೆಯಲ್ಲಿ ಬರೆಯಬಹುದಾದ್ದರಿಂದ ನಮ್ಮ ಹೆಸರಿಗೆ ಬೆಲೆ ಕಡಿಮೆ ಎಂದು ದಲ್ಲಾಳಿಯ ವಾದ. ಆ ನಾಲ್ಕರಲ್ಲಿ ಜನ ಬಳಸಿ ಬಳಸಿ ಗಟ್ಟಿಮಾಡಿದ್ದು ನಮ್ಮದೊಂದನ್ನೇ ಎಂಬುದು ಅವರಿಗೂ ಗೊತ್ತಿತ್ತು. ಇಲ್ಲದಿದ್ದರೆ ಉಳಿದ ಮೂರರಲ್ಲಿ ಒಂದನ್ನು ಅವರು ಐನೂರು ರೂಪಾಯಿಗೆ ತೆಗೆದುಕೊಂಡುಬಿಡುತ್ತಿದ್ದರು.

ನಾನು ಪತ್ರವನ್ನು ಅತ್ತಿಗೆಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ ಬೆಲೆಯದಲ್ಲ.

"ಅದು ನಮ್ಮದು ಹೌದೇನೇ? ನಾವು ಪ್ರತಿ ವರ್ಷ ದುಡ್ಡು ಕಟ್ತೀವಲ್ಲ, ಕಟ್ಟೋದು ನಿಲ್ಲಿಸಿದ್ರೆ?"

ನಾನು ಇದ್ದದ್ದನ್ನು ಹೇಳಿದೆ. ಡೊಮೈನ್ ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ. ಡಾಟ್ ಕಾಂ ಹೆಸರುಗಳ ಮೂಲ ದಾಖಲೆ ವೆರಿಸೈನ್ ಎಂಬ ಸಂಸ್ಥೆಯ ಬಳಿ, ಅದರ ಮೇಲಿನ ನಿಯಮಗಳು ಐಕಾನ್ ಎಂಬ ಸಂಸ್ಥೆಯದು, ನಾವು ವ್ಯವಹರಿಸುವುದು ಇವರ ಕೆಳಗಿನ ನೋಂದಣಿ ಕಂಪನಿಯ ಜೊತೆ. ಒಂದು ವರ್ಷದಿಂದ ಹತ್ತು ವರ್ಷದವರೆಗೆ ಹಣ ಕಟ್ಟಿ ಬಳಸುವ ಹಕ್ಕು ಪಡೆಯುತ್ತೇವೆ. ಗಡುವು ದಾಟಿದ ಮೇಲೂ ನೋಂದಣಿ ಕಂಪನಿ ಸ್ವಲ್ಪ ದಿನ ಕಾಯಬಹುದು. ಆಮೇಲಿನ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಲು ಅವಕಾಶ. ಅದೂ ಕಳೆದರೆ 5 ದಿನದಲ್ಲಿ ಹೆಸರು ಅಳಿಸಿಹೋಗಿ ಯಾರಿಗೆ ಬೇಕಾದರೂ ಸಿಗುತ್ತದೆ.

"ಹಾಗಾದ್ರೆ ಗೇಣಿ" ಎಂದರು ಅತ್ತಿಗೆ. "ಗೇಣಿ ಚೀಟಿ ಯಾರ ಹೆಸರಲ್ಲಿದೆ?"

"ನನ್ನ ಹೆಸರಲ್ಲಿ, ಅತ್ತಿಗೆ."

ಫೋನನ್ನು ಅಪ್ಪನ ಕೈಗೆ ಕೊಟ್ಟರು. ಗೇಣಿ ಎಂಬ ಮಾತು ನಮ್ಮ ಮನೆಯಲ್ಲಿ ಸುಮ್ಮನೆ ಬರುವಂಥದ್ದಲ್ಲ. ಅಪ್ಪನ ಯೌವನದವರೆಗೆ ನಾವು ಉಳುತ್ತಿದ್ದ ಗದ್ದೆ ದಾಖಲೆಯಲ್ಲಿ ಬೇರೆಯವರದು. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದು, ಆ ಗೇಣಿದಾರರನ್ನು ಎಚ್. ಗಣಪತಿಯಪ್ಪ ಸಂಘಟಿಸಿದ್ದು, ಆ ಹೋರಾಟಕ್ಕೆಂದು ಬಂದ ರಾಮಮನೋಹರ ಲೋಹಿಯಾ ಸಾಗರದಲ್ಲಿ ಬಂಧನಕ್ಕೊಳಗಾದದ್ದು, ಇವನ್ನೆಲ್ಲ ಅಪ್ಪ ಚಿಕ್ಕಂದಿನಲ್ಲಿ ಕೇಳಿಸಿಕೊಂಡವರು. ಅಲ್ಲಿಯ ತಕರಾರಿನಲ್ಲಿ ಮುಖ್ಯವಾದದ್ದು ಕೊಳಗ. ಗೇಣಿಯ ಭತ್ತ ಅಳೆದುಕೊಳ್ಳಲು ಒಡೆಯರು ದೊಡ್ಡ ಕೊಳಗ ಇಟ್ಟುಕೊಂಡಿದ್ದಾರೆ ಎಂಬುದು ರೈತರ ದೂರು. ಮುಂದೆ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಅಜ್ಜ ಫಾರಂ ನಂಬರ್ 7 ತುಂಬಿ ಭೂನ್ಯಾಯ ಮಂಡಳಿಗೆ ಕೊಟ್ಟರು. ಮಂಡಳಿಯವರು ಕೇಳಿದ್ದು ಒಂದೇ: ಉಳುತ್ತಿದ್ದವರು ಯಾರು, ಅದಕ್ಕೆ ಸಾಕ್ಷಿ ಏನು. ಅಕ್ಕಪಕ್ಕದ ಗದ್ದೆಯವರು ಬಂದು ಹೇಳಿದರು. ಭೂಮಿ ನಮ್ಮ ಹೆಸರಿಗಾಯಿತು.

ಅಪ್ಪ ಫೋನಿನಲ್ಲಿ ನನಗೆ ಹೇಳಿದ್ದಿಷ್ಟು: "ಮಾರೋದು ಬಿಡೋದು ಆಮೇಲೆ. ಮೊದಲು ಅದನ್ನ ಅವಳ ಹೆಸರಿಗೆ ಮಾಡು. ಉತ್ತವಳು ಅವಳು."

ನಾನು ವರ್ಷಾವರ್ಷ ಕಟ್ಟಿದ್ದು ಶುಲ್ಕ. ಆ ಹೆಸರಿಗೆ ಬೆಲೆ ಬರುವಂತೆ ಮಾಡಿದ್ದು ಅವರ ಜಾಡಿಗಳು, ಅವರ ನೋಟ್‌ಬುಕ್, ಒಡೆದ ಬಾಟಲಿಗೆ ಬದಲಿ ಕಳಿಸಿದ ಅವರ ಸತ್ಯ. ಅಪ್ಪನ ಮಾತಿಗೆ ನಾನು ಎರಡನೆಯ ಯೋಚನೆ ಮಾಡಲಿಲ್ಲ.

ನೋಂದಣಿದಾರರ ಹೆಸರು ಬದಲಿಸುವುದಕ್ಕೆ ಆಗ ಒಂದು ಪರಿಣಾಮ ಇತ್ತು. 2016ರ ಡಿಸೆಂಬರ್‌ನಿಂದ ಜಾರಿಯಲ್ಲಿದ್ದ ಐಕಾನ್ ನಿಯಮದಂತೆ, ನೋಂದಣಿದಾರರು ಬದಲಾದ ಹೆಸರನ್ನು ಮುಂದಿನ 60 ದಿನ ಬೇರೆ ನೋಂದಣಿ ಕಂಪನಿಗೆ ಒಯ್ಯದಂತೆ ಬೀಗ ಬೀಳುತ್ತಿತ್ತು. ಮೊದಲೇ ಕೇಳಿಕೊಂಡರೆ ಕೆಲವು ಕಂಪನಿಗಳು ಅದನ್ನು ಹಾಕದೆ ಬಿಡುತ್ತಿದ್ದುದೂ ಉಂಟು. ಕದ್ದ ಹೆಸರುಗಳು ಕೈಯಿಂದ ಕೈಗೆ ಹಾರಿ ಮಾಯವಾಗದಿರಲಿ ಎಂದು ಈ ಬೀಗ. ನಾವು ಅದನ್ನು ಇರಲಿ ಬಿಟ್ಟೆವು. ದಲ್ಲಾಳಿಗೆ ಇದು ತಿಳಿದಾಗ ಅವಸರದ ಧಾಟಿ ಇನ್ನೂ ಜೋರಾಯಿತು. ಅತ್ತಿಗೆಗೆ ಅವಸರ ಇರಲಿಲ್ಲ. "ಅವರಿಗೆ ವಾರದೊಳಗೆ ಬೇಕಂದ್ರೆ ಅವರ ಕೆಲಸ ಏನೋ ತಯಾರಾಗಿದೆ ಅಂತ. ಮಾರದಿದ್ರೆ ನಮಗೇನು ಕಳೀತದೆ? ಈ ವರ್ಷದ ಮಿಡಿ ಈ ವರ್ಷ ಹೋಗ್ತದೆ" ಎಂದರು. ಮಾತುಕತೆಯ ಬಲವೆಲ್ಲ ಆ ಒಂದು ತಿಳಿವಿನಲ್ಲಿತ್ತು. ಬೇಡ ಎಂದರೆ ಬದುಕು ನಿಲ್ಲುವುದಿಲ್ಲ ಎಂದು ಗೊತ್ತಿದ್ದವರು ಎದುರಿಗೆ ಕೂತವರ ಗಡಿಯಾರ ನೋಡಿ ಬೆಲೆ ಹೇಳಬೇಕಾಗಿಲ್ಲ.

ಮುಂದೆ ಎರಡು ಕಾಗದ ಬಂದವು. ಒಂದರಲ್ಲಿ, ಅಂತರ್ಜಾಲದ ಬೆಲೆಯಂದಾಜು ಯಂತ್ರವೊಂದು ನಮ್ಮ ಹೆಸರಿಗೆ ಕೊಟ್ಟ ಅಂಕಿ. ಅಕ್ಷರ ಎಷ್ಟು, ಅದರೊಳಗಿನ ಮಾತುಗಳು ಇಂಗ್ಲಿಷಿನಲ್ಲಿ ಎಷ್ಟು ಬಳಕೆಯಲ್ಲಿವೆ, ಹಿಂದೆ ಅಂಥ ಹೆಸರುಗಳು ಎಷ್ಟಕ್ಕೆ ಹೋಗಿವೆ ಎಂದು ಲೆಕ್ಕ ಹಾಕಿ ಆ ಯಂತ್ರ ಬೆಲೆ ಹೇಳುತ್ತದೆ. ಅದಕ್ಕೆ ಮಿಡಿಯೂ ಗೊತ್ತಿಲ್ಲ, ಮಲೆನಾಡೂ ಗೊತ್ತಿಲ್ಲ. ಇದನ್ನು ವಿವರಿಸಿದಾಗ ಅಪ್ಪ ಜಗಲಿಯಿಂದಲೇ "ಕೊಳಗ ಅವರದ್ದು" ಎಂದರಂತೆ. ಆ ಅಂಕಿಗೆ ನಾವು ಉತ್ತರವನ್ನೇ ಕೊಡಲಿಲ್ಲ.

ಎರಡನೆಯದು ಸ್ವಲ್ಪ ಗಂಭೀರ. ಕಂಪನಿ ಇದೇ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಲು ಅರ್ಜಿ ಹಾಕಿದೆ, ಮಾರಲು ಒಪ್ಪದಿದ್ದರೆ ದೂರು ಕೊಡುವ ದಾರಿಯೂ ಇದೆ ಎಂಬ ಸೂಚನೆ ಅದರಲ್ಲಿತ್ತು. ಆ ರಾತ್ರಿ ನಾನು ನಿಯಮಗಳನ್ನು ಪೂರ್ತಿ ಓದಿದೆ. ಓದಿದ್ದನ್ನು ಇಲ್ಲಿ ಹೇಳುವುದು ಅಗತ್ಯ, ಏಕೆಂದರೆ ಹಳ್ಳಿಯಿಂದ ವ್ಯಾಪಾರ ಮಾಡುವವರು ಇಂಥ ಕಾಗದ ನೋಡಿ ಹೆದರಿ ಹೆಸರು ಬಿಟ್ಟುಕೊಡುವುದುಂಟು.

ಡೊಮೈನ್ ಹೆಸರುಗಳ ತಕರಾರಿಗೆ ಐಕಾನ್ 1999ರಲ್ಲಿ ಒಂದು ನೀತಿ ಮಾಡಿತು. ದೂರು ಕೊಡುವವರು ಮೂರು ವಿಷಯ ಸಾಬೀತು ಮಾಡಬೇಕು. ಆ ಹೆಸರು ತಮ್ಮ ಟ್ರೇಡ್‌ಮಾರ್ಕಿನಂತೆಯೇ ಅಥವಾ ಗೊಂದಲವಾಗುವಷ್ಟು ಹತ್ತಿರವಾಗಿ ಇರಬೇಕು. ಇಟ್ಟುಕೊಂಡವರಿಗೆ ಅದರಲ್ಲಿ ನ್ಯಾಯವಾದ ಹಕ್ಕು ಇರಬಾರದು. ನೋಂದಣಿಯೂ ಬಳಕೆಯೂ ಎರಡೂ ದುರುದ್ದೇಶದಿಂದ ಆಗಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ದೂರು ಬೀಳುತ್ತದೆ. ಜಿನೀವಾದ ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯಲ್ಲಿ ಒಬ್ಬ ತೀರ್ಪುಗಾರರ ಮುಂದೆ ಇಂಥ ದೂರು ಒಯ್ಯಲು ಶುಲ್ಕವೇ 1500 ಡಾಲರ್. ಬೇರೆಯವರ ಬ್ರಾಂಡಿನ ಹೆಸರನ್ನು ಅವರಿಗೇ ದುಬಾರಿ ಬೆಲೆಗೆ ಮಾರಬೇಕೆಂದು ನೋಂದಾಯಿಸಿದವರಿಗೆ ಈ ನೀತಿ ಬಿಗಿ. ಕೊಳ್ಳುವ ಕಂಪನಿ ಹುಟ್ಟುವ ಎಷ್ಟೋ ವರ್ಷ ಮುಂಚಿನಿಂದ ಅದೇ ಹೆಸರಿನಲ್ಲಿ ಉಪ್ಪಿನಕಾಯಿ ಕಳಿಸುತ್ತಿದ್ದ ಹೆಂಗಸಿಗೆ ಇದೇ ನೀತಿ ರಕ್ಷಣೆ.

ನಮ್ಮ ದೇಶದ ಕಾನೂನೂ ಅತ್ತಿಗೆಯ ಕಡೆಗಿತ್ತು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 34ನೇ ಸೆಕ್ಷನ್ ಮೊದಲಿನಿಂದ ಬಳಸುತ್ತ ಬಂದವರನ್ನು ಕಾಯುತ್ತದೆ. ಆಮೇಲೆ ನೋಂದಣಿ ಮಾಡಿಸಿಕೊಂಡವರು ಅವರನ್ನು ತಡೆಯಲಾಗದು. ಡೊಮೈನ್ ಹೆಸರಿಗೂ ವ್ಯಾಪಾರದ ಹೆಸರಿನಷ್ಟೇ ರಕ್ಷಣೆ ಉಂಟು ಎಂದು ಸುಪ್ರೀಂ ಕೋರ್ಟು 2004ರ ಮೇ 6ರಂದು ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಸಲ್ಯೂಷನ್ಸ್ ನಡುವಿನ ಮೊಕದ್ದಮೆಯಲ್ಲಿ ಹೇಳಿತು. ಆ ಮೊಕದ್ದಮೆ ಶುರುವಾದದ್ದು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ. ಅಲ್ಲಿ ಸತ್ಯಂಗೆ ತಡೆಯಾಜ್ಞೆ ಸಿಕ್ಕಿತು, ಹೈಕೋರ್ಟು ಅದನ್ನು ತೆಗೆದುಹಾಕಿತು, ಸುಪ್ರೀಂ ಕೋರ್ಟು ಮತ್ತೆ ಎತ್ತಿಹಿಡಿಯಿತು. ಸಿಫಿ ಎಂಬ ಹೆಸರನ್ನು ಮೊದಲು ಬಳಸಿ ಜನರ ನಡುವೆ ಗುರುತು ಸಂಪಾದಿಸಿದವರು ಯಾರು ಎಂಬುದೇ ಅಲ್ಲಿ ತೂಗಿದ ಮಾತು.

ಮೊದಲು ಬಳಸಿದ್ದಕ್ಕೆ ಸಾಕ್ಷಿ ಬೇಕು. ಅತ್ತಿಗೆಯ ನೋಟ್‌ಬುಕ್ ಕೆಲಸಕ್ಕೆ ಬಂದದ್ದು ಆಗ. ಅಂಚೆಯ ಮೊಹರು ಬಿದ್ದ ರಸೀದಿಗಳು, ತಾಣದ ವಿಳಾಸ ಅಚ್ಚಾದ ಬಾಟಲಿ ಚೀಟಿಗಳು, ಹಳೆಯ ಇ-ಮೇಲ್‌ಗಳು. ಅಣ್ಣ ಸೊರಬಕ್ಕೆ ಹೋಗಿ ಅವನ್ನೆಲ್ಲ ಸ್ಕ್ಯಾನ್ ಮಾಡಿಸಿ ಕಳಿಸಿದ. ನಾನು ಅವುಗಳಲ್ಲಿ ಹಳೆಯವನ್ನು ಆರಿಸಿ, ಒಂದು ಚಿಕ್ಕ ಪತ್ರದ ಜೊತೆಗಿಟ್ಟು ದಲ್ಲಾಳಿಗೆ ಕಳಿಸಿದೆ. ಜಗಳದ ಮಾತು ಒಂದೂ ಇರಲಿಲ್ಲ. ಈ ಹೆಸರಿನಲ್ಲಿ ಈ ದಿನದಿಂದ ಇವರು ವ್ಯಾಪಾರ ಮಾಡುತ್ತಿದ್ದಾರೆ, ಮಾರುವ ಉದ್ದೇಶವಿರಲಿಲ್ಲ, ನೀವಾಗಿ ಕೇಳಿದ್ದರಿಂದ ಯೋಚಿಸುತ್ತಿದ್ದಾರೆ, ಮುಂದಿನ ಮಾತು ಅವರ ಜೊತೆಗೇ ಆಡಿ ಎಂದು ಬರೆದೆ. ಅಜ್ಜನಿಗೆ ಅಕ್ಕಪಕ್ಕದವರು ನುಡಿದ ಸಾಕ್ಷಿಯನ್ನು ಅತ್ತಿಗೆಗೆ ಅವರ ಅಕ್ಷರವೇ ನುಡಿಯಿತು.

ಆಮೇಲೆ ದಲ್ಲಾಳಿ ಮರೆಯಾದರು, ಕಂಪನಿಯವರೇ ಫೋನ್ ಮಾಡಿದರು. ಮಾತಾಡಿದವರು ಕನ್ನಡದ ಹುಡುಗ, ನಯವಾದ ಮಾತು. ನಾನು ಇನ್ನೊಂದು ತುದಿಯಲ್ಲಿ ಕೇಳಿಸಿಕೊಳ್ಳುತ್ತಿದ್ದೆ.

"ಅಮ್ಮ, ನಿಮ್ಮ ಮನಸ್ಸಲ್ಲಿ ಎಷ್ಟಿದೆ ಹೇಳಿ."

"ಅದು ಇರ್ಲಿ. ಆ ಹೆಸರಲ್ಲಿ ಏನು ಮಾರ್ತೀರಿ?"

"ಉಪ್ಪಿನಕಾಯಿ, ಚಟ್ನಿಪುಡಿ, ಸಾಂಬಾರಪುಡಿ, ಎಲ್ಲ ಥರದ್ದೂ."

"ಮಿಡಿ ಎಲ್ಲಿಂದ ತರ್ತೀರಿ?"

ಅವರು ಪ್ರಾಮಾಣಿಕವಾಗಿಯೇ ಉತ್ತರ ಕೊಟ್ಟರು. ಅಪ್ಪೆಮಿಡಿ ಸಾಕಾಗುವಷ್ಟು ಸಿಗುವುದಿಲ್ಲ, ಬೇರೆ ಮಾವನ್ನೂ ಬಳಸುತ್ತೇವೆ ಎಂದರು. ಅತ್ತಿಗೆ ಅದಕ್ಕೆ ಅವರನ್ನು ಟೀಕಿಸಲಿಲ್ಲ. ಅಷ್ಟು ದೊಡ್ಡ ವ್ಯಾಪಾರಕ್ಕೆ ಕಾಡುಮರದ ಮಿಡಿ ಸಾಲದು ಎಂದು ಅವರಿಗೂ ಗೊತ್ತು. ಆದರೆ ಅಲ್ಲಿಂದ ಅವರ ಷರತ್ತುಗಳು ಸ್ಪಷ್ಟವಾದವು. "ನೋಡಪ್ಪ, ಹೆಸರು ಕೊಡ್ತೀನಿ. ನಮ್ಮ ಮನೆ ಕಥೆ ಕೊಡಲ್ಲ. ಹೊಸಬಾಳೆಯಲ್ಲಿ ಮಾಡಿದ್ದು ಅಂತ ಬಾಟಲಿ ಮೇಲೆ ಬರಕೂಡದು."

ಕರಾರಿನಲ್ಲಿ ಏನೇನಿರಬೇಕು ಎಂದು ಆ ವಾರ ನಾವು ಕೂತು ಬರೆದೆವು. ಮಾರಾಟವಾಗುವುದು ಡೊಮೈನ್ ಹೆಸರು ಮಾತ್ರ. ತಾಣದಲ್ಲಿದ್ದ ಬರಹ, ಚಿತ್ರ, ಮಿಡಿ ಹಾಕುವ ವಿಧಾನ, ಗಿರಾಕಿಗಳ ಪಟ್ಟಿ ಅತ್ತಿಗೆಯವು. ಹಳೆಯ ವಿಳಾಸಕ್ಕೆ ಬಂದವರಿಗೆ, ಮುಂದಿನ ಒಂದು ಮಿಡಿ ಹಂಗಾಮು ಪೂರ್ತಿ ಮುಗಿಯುವವರೆಗೆ, ಮೊದಲ ಪುಟದಲ್ಲೇ ಅವರ ಹೊಸ ವಿಳಾಸ ಕಾಣಬೇಕು. ಅಷ್ಟೂ ಕಾಲ ಹಳೆಯ ಇ-ಮೇಲ್‌ಗೆ ಬಂದ ಪತ್ರಗಳು ಅವರಿಗೆ ತಲುಪುತ್ತಿರಬೇಕು. ಈ ಕೊನೆಯದು ಸಣ್ಣ ವಿಷಯದಂತೆ ಕಂಡರೂ ಬಹಳ ಮುಖ್ಯ. ಡೊಮೈನ್ ಹೆಸರು ಕೈಬದಲಾದರೆ ಅದರ ಇ-ಮೇಲ್ ವಿಳಾಸಗಳೂ ಹೊಸಬರ ಹಿಡಿತಕ್ಕೆ ಹೋಗುತ್ತವೆ. ಆ ಇ-ಮೇಲ್ ಕೊಟ್ಟು ತೆರೆದ ಬ್ಯಾಂಕಿನ, ಅಂಚೆಯ, ಆಹಾರ ಸುರಕ್ಷತಾ ನೋಂದಣಿಯ ಖಾತೆಗಳ ಗುಪ್ತಪದವನ್ನು ಬದಲಿಸುವ ಪತ್ರವೂ ಅವರಿಗೇ ಹೋಗಬಹುದು. 60 ದಿನಗಳ ಬೀಗ ನಮಗೆ ಒದಗಿದ್ದು ಇಲ್ಲಿ. ಅಷ್ಟರಲ್ಲಿ ಒಂದೊಂದೇ ಖಾತೆಯನ್ನು ಹೊಸ ವಿಳಾಸಕ್ಕೆ ಸಾಗಿಸಿದೆವು. 2005ರಿಂದ ಎಲ್ಲರಿಗೂ ತೆರೆದಿರುವ, ನಿಕ್ಸಿ ಸಂಸ್ಥೆ ನೋಡಿಕೊಳ್ಳುವ ಡಾಟ್ ಇನ್ ಅಡಿಯಲ್ಲಿ ಹೊಸ ಹೆಸರು ತೆಗೆದುಕೊಂಡೆವು. ನೋಂದಣಿ ಅತ್ತಿಗೆಯ ಹೆಸರಲ್ಲಿ, ನವೀಕರಣದ ಸಂದೇಶ ಅತ್ತಿಗೆಯ ಫೋನಿಗೆ, ಗುಪ್ತಪದ ಅತ್ತಿಗೆಯ ನೋಟ್‌ಬುಕ್ಕಿನಲ್ಲಿ.

ಬೆಲೆಯನ್ನು ಅವರು ಕಟ್ಟಿದ ರೀತಿ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಬೇರೆ ಹೆಸರುಗಳು ಎಷ್ಟಕ್ಕೆ ಹೋಗಿವೆ ಎಂಬ ಗೊಡವೆಗೆ ಅವರು ಹೋಗಲಿಲ್ಲ. ನೋಟ್‌ಬುಕ್ ತೆಗೆದು, ತಾಣದ ಮೂಲಕ ಬರುವ ಗಿರಾಕಿಗಳು ಎಷ್ಟು, ಫೋನಿನಲ್ಲಿ ನೇರವಾಗಿ ಬರುವವರು ಎಷ್ಟು ಎಂದು ಬೇರೆ ಮಾಡಿದರು. ವಿಳಾಸ ಬದಲಾದರೆ ಮೊದಲನೆಯ ಗುಂಪಿನಲ್ಲಿ ಎಷ್ಟು ಜನ ತಪ್ಪಿಹೋಗಬಹುದು, ಅವರನ್ನು ಮತ್ತೆ ಕೂಡಿಸಲು ಎಷ್ಟು ಹಂಗಾಮು ಬೇಕು ಎಂದು ಅಂದಾಜು ಮಾಡಿದರು. ಅಷ್ಟು ಹಂಗಾಮಿನ ಉಳಿತಾಯ ಕನಿಷ್ಠ ಬೆಲೆ. ಅದಕ್ಕಿಂತ ಕೆಳಗೆ ಮಾತೇ ಇಲ್ಲ. ಅದರ ಮೇಲೆ, ಮನೆಯ ಅಡುಗೆ ಒಲೆಯಿಂದ ಬೇರೆಯಾದ, ನೆಲಕ್ಕೆ ಹಾಸುಬಿಲ್ಲೆ ಹಾಕಿದ, ನೊಣ ಬರದಂತೆ ಜಾಲರಿ ಇರುವ ಒಂದು ತಯಾರಿಕೆಯ ಕೋಣೆ ಕಟ್ಟಲು ಬೇಕಾದ ಹಣ. ಮೇಸ್ತ್ರಿಯನ್ನು ಕರೆಸಿ ಆ ಲೆಕ್ಕವನ್ನೂ ಬರೆಸಿದ್ದರು. ಇವೆರಡನ್ನೂ ಕೂಡಿಸಿ ಬಂದದ್ದು ಅವರ ಬೆಲೆ. ಮೊದಲು ಬಂದ ಮೊತ್ತದ ಎಷ್ಟೋ ಪಟ್ಟು.

ಹುಡುಗ ಅರ್ಧಕ್ಕೆ ಕೇಳಿದರು. ಅತ್ತಿಗೆ ಕೋಪಿಸಿಕೊಳ್ಳಲಿಲ್ಲ, ಇಳಿಯಲೂ ಇಲ್ಲ. ಲೆಕ್ಕವನ್ನು ಸಾಲು ಸಾಲಾಗಿ ಓದಿ ಹೇಳಿದರು. ಯಾವ ಸಾಲು ಜಾಸ್ತಿ ಅನ್ನಿಸುತ್ತದೆ ಹೇಳಿ ಎಂದರು. ಕಂಪನಿಯವರು ಹಂಗಾಮಿನ ಅಂದಾಜಿನಲ್ಲಿ ಸ್ವಲ್ಪ ಕಡಿಮೆ ಮಾಡಿಸಿದರು, ಬದಲಿಗೆ ಹಳೆಯ ವಿಳಾಸದ ಸೂಚನೆಯನ್ನು ಇನ್ನೂ ಕೆಲವು ತಿಂಗಳು ಮುಂದುವರಿಸಲು ಒಪ್ಪಿದರು. ಅವರಿಗೂ ಅದು ನ್ಯಾಯವಾಗಿ ಕಂಡಿರಬೇಕು. ಎಲ್ಲಿಂದ ಬಂತೆಂದು ತಿಳಿಯದ ದೊಡ್ಡ ಅಂಕಿಯೊಂದನ್ನು ಎಸೆದು ಕಾಯುವುದಕ್ಕಿಂತ, ಲೆಕ್ಕವನ್ನು ಎದುರಿಗಿಟ್ಟು ಮಾತಾಡಿದ್ದು ಎರಡೂ ಕಡೆಯ ನಂಬಿಕೆಯನ್ನು ಉಳಿಸಿತು.

ಹಣ ಮತ್ತು ಹೆಸರು ಕೈಬದಲಾಗುವಾಗ ಯಾರು ಮೊದಲು ಬಿಡಬೇಕು ಎಂಬ ಪ್ರಶ್ನೆಗೆ ಎಸ್ಕ್ರೋ ಎಂಬ ವ್ಯವಸ್ಥೆ ಇದೆ. ಕೊಳ್ಳುವವರು ಹಣವನ್ನು ಮಧ್ಯಸ್ಥ ಸಂಸ್ಥೆಯಲ್ಲಿ ಇಡುತ್ತಾರೆ. ಹಣ ಬಂದಿದೆ ಎಂದು ಆ ಸಂಸ್ಥೆ ತಿಳಿಸಿದ ಮೇಲೆ ಮಾರುವವರು ಹೆಸರಿನ ಬೀಗ ತೆಗೆದು, ವರ್ಗಾವಣೆಯ ಗುಪ್ತಸಂಕೇತವನ್ನು ಕೊಡುತ್ತಾರೆ. ಹೆಸರು ತಮ್ಮ ಖಾತೆಗೆ ಬಂತು ಎಂದು ಕೊಂಡವರು ಒಪ್ಪಿದ ಮೇಲೆ ಹಣ ಮಾರಿದವರಿಗೆ ಹೋಗುತ್ತದೆ. ಹಣ ಬಂದಿದೆ ಎಂಬ ಪತ್ರವನ್ನೇ ನಕಲಿ ಮಾಡಿ ಮೋಸ ಮಾಡುವವರು ಇರುವುದರಿಂದ, ಪತ್ರದಲ್ಲಿನ ಕೊಂಡಿ ಒತ್ತದೆ ಆ ಸಂಸ್ಥೆಯ ತಾಣಕ್ಕೆ ನಾವೇ ಹೋಗಿ ನೋಡಿದೆವು. ಗುಪ್ತಸಂಕೇತವನ್ನು ಅತ್ತಿಗೆ ತಾವೇ ಒಂದೊಂದು ಅಕ್ಷರ ನೋಡಿ ಕಳಿಸಿದರು. ತೆರಿಗೆಯ ಲೆಕ್ಕವನ್ನು ಮೊದಲೇ ಕೇಳಿಟ್ಟುಕೊಂಡಿದ್ದರಿಂದ ಆ ಪಾಲನ್ನು ಬಂದ ದಿನವೇ ಪಕ್ಕಕ್ಕಿಟ್ಟರು.

ಮುಂದಿನ ಮಿಡಿ ಹಂಗಾಮು ಶುರುವಾಗಿ ಜಾಡಿ ತುಂಬುವ ಹೊತ್ತಿಗೆ, 2020ರ ಮಾರ್ಚ್ ಕೊನೆಯಲ್ಲಿ, ಲಾಕ್‌ಡೌನ್ ಬಂತು. ಪಾರ್ಸೆಲ್ ನಿಂತಿತು. ಹೊಸ ವಿಳಾಸ ಇನ್ನೂ ಯಾರಿಗೂ ಸರಿಯಾಗಿ ಬಾಯಿಗೆ ಬಂದಿರಲಿಲ್ಲ. ಆಗ ಉಳಿಸಿದ್ದು ಮಾರದೆ ಇಟ್ಟುಕೊಂಡ ಆ ಗಿರಾಕಿಗಳ ಪಟ್ಟಿ. ಅತ್ತಿಗೆ ಅದನ್ನು ಹಿಡಿದು ಒಬ್ಬೊಬ್ಬರಿಗೂ ಫೋನ್ ಮಾಡಿದರು, ಮಿಡಿ ಜಾಡಿಯಲ್ಲಿದೆ, ದಾರಿ ತೆರೆದಾಗ ಕಳಿಸುತ್ತೇನೆ ಎಂದರು. ಜನ ಕಾದರು. ಆ ವರ್ಷದ ಮಿಡಿ ಆ ವರ್ಷವೇ ಹೋಯಿತು. ಅದರ ಮುಂದಿನ ವರ್ಷ ಹೊಸ ಕೋಣೆಯಲ್ಲಿ ಕೆಲಸ ಶುರುವಾಯಿತು, ಊರಿನ ಇನ್ನೂ ಕೆಲವು ಹೆಂಗಸರಿಗೆ ಹಂಗಾಮಿನಲ್ಲಿ ಅಲ್ಲಿ ದುಡಿಮೆ ಸಿಗುತ್ತಿದೆ.

ಈಗ ಸೊರಬ, ಶಿಕಾರಿಪುರದ ಕಡೆ ಹಪ್ಪಳ, ಉಪ್ಪಿನಕಾಯಿ, ಬೆಲ್ಲ ಮಾಡಿ ದೂರದೂರಿಗೆ ಕಳಿಸುವ ಹೆಂಗಸರು ಎಷ್ಟೋ ಮಂದಿ. ಅವರ ತಾಣ, ಅವರ ಪುಟ, ಅವರ ವ್ಯಾಪಾರದ ಇ-ಮೇಲ್ ಬಹುತೇಕ ಬೆಂಗಳೂರಿನಲ್ಲಿರುವ ಮಗನದೋ, ತಮ್ಮನದೋ, ನನ್ನಂಥ ನಾದಿನಿಯದೋ ಹೆಸರಿನಲ್ಲಿ ಇರುತ್ತದೆ. ಪ್ರೀತಿಯಿಂದಲೇ ಮಾಡಿಕೊಟ್ಟಿರುತ್ತಾರೆ. ಆದರೆ ಒಂದು ದಿನ ಕೊಳ್ಳುವವರು ಬರುತ್ತಾರೆ, ಅಥವಾ ನವೀಕರಣದ ದಿನ ಮರೆತುಹೋಗುತ್ತದೆ, ಅಥವಾ ಮನೆಯೊಳಗೇ ಮನಸ್ತಾಪ ಬರುತ್ತದೆ. ಆಗ ಕಾನೂನು ಮೊದಲು ನೋಡುವುದು ದಾಖಲೆಯನ್ನು. ನಮ್ಮ ಅಜ್ಜಂದಿರ ಕಾಲದಲ್ಲಿ ಉಳುವವರಿಗೆ ದಾಖಲೆ ಕೊಡಿಸಲು ಸತ್ಯಾಗ್ರಹ ಬೇಕಾಯಿತು, ಕಾಯ್ದೆ ಬೇಕಾಯಿತು, ಮಂಡಳಿ ಬೇಕಾಯಿತು. ಇಲ್ಲಿ ಬೇಕಾದದ್ದು ಕಂಪ್ಯೂಟರಿನ ಮುಂದೆ ಒಂದು ಮಧ್ಯಾಹ್ನ ಮಾತ್ರ. ನೋಂದಣಿ ಅವರ ಹೆಸರಿಗೆ, ಇ-ಮೇಲ್ ಅವರ ಕೈಗೆ, ಗುಪ್ತಪದ ಅವರ ಅಕ್ಷರದಲ್ಲಿ, ಕಳಿಸಿದ ಪ್ರತಿ ಪೆಟ್ಟಿಗೆಯ ರಸೀದಿ ಅವರ ಪುಸ್ತಕದಲ್ಲಿ. ಯಾರ ಮನೆಗೆ ಹೋದರೂ ನಾನು ಇದನ್ನು ಕೇಳುತ್ತೇನೆ, ಇಲ್ಲದಿದ್ದರೆ ಅಲ್ಲೇ ಕೂತು ಮಾಡಿಕೊಟ್ಟು ಬರುತ್ತೇನೆ. ಹೆಸರನ್ನು ಮಾರುವ ದಿನ ಬಂದೀತು, ಬಾರದೆಯೂ ಇದ್ದೀತು. ಬಂದರೆ ಬೆಲೆ ಹೇಳುವ ಬಾಯಿ ದುಡಿದವರದ್ದೇ ಆಗಿರಬೇಕು.